ಉಳಿದ ಬಟ್ಟೆ

ಮೊದಲ ಸಲ ಒರೆಸಿದ್ದು
ಹಸಿರು ಕ್ರೇಪಿನ ಚೂರಲ್ಲಿ,
ಮೆದೇಹಳ್ಳಿ ರಸ್ತೆಯ ರುದ್ರಾಣಮ್ಮನ
ತೋಳು ಕತ್ತರಿಸಿ ಉಳಿದದ್ದು.
ಎರಡನೆಯ ಸಲ ಬಿಳಿ ಲೈನಿಂಗು.
ಮೂರನೆಯ ಸಲ ಕತ್ತಲಲ್ಲಿ ಕೈಗೆ ಸಿಕ್ಕಿದ್ದು
ಯಾರದೋ ನಿಶ್ಚಿತಾರ್ಥದ ಜರಿಯಂಚು.
ನೋಡದೆ ಒರೆಸಿದೆ. ಆಮೇಲೆ ನೋಡಿದೆ.
ನೀರು ನೀರು, ಹಳದಿ, ಒಂದೆಳೆ ಲೋಳೆ.
ಅಂಗೈಯಗಲದ ಜೀವದೊಳಗಿಂದ
ಇಷ್ಟೊಂದು ಎಲ್ಲಿಂದ ಬರುತ್ತದೋ.

ತಪ್ಪು ನನ್ನದೇ.
ಬುರುಜನಹಟ್ಟಿಯ ತಿಪ್ಪೆಯ ಮಗ್ಗುಲಲ್ಲಿ
ಬೂದಿಯೊಳಗೆ ಕುಂಯ್‌ಗುಡುತ್ತಿದ್ದುದನ್ನು
ಸೆರಗಿನಲ್ಲಿ ತಂದು
ಎಮ್ಮೆಯ ಗಟ್ಟಿ ಹಾಲು, ಕೆನೆ ಸಮೇತ,
ಬಟ್ಟಲು ತುಂಬ ಇಟ್ಟೆ.
ಬಟ್ಟಲೊಳಗೇ ಇಳಿದು ಕುಡಿಯಿತು.
ನಾನು ಕೆನ್ನೆಗೆ ಕೈಕೊಟ್ಟು ನೋಡುತ್ತ ಕೂತಿದ್ದೆ.

ಪಶು ಆಸ್ಪತ್ರೆಗೆ ಭಾನುವಾರದ ಬೀಗ.
ಹಿಂದಿನ ಕ್ವಾರ್ಟರ್ಸಿನಿಂದ ಪಾಲಯ್ಯ ಕಾಂಪೌಂಡರು
ಬನಿಯನ್ನಿನಲ್ಲೇ ಹೊರಬಂದು
ತುಟಿ ಎತ್ತಿ ಒಸಡು ನೋಡಿದ,
ಕತ್ತಿನ ಚರ್ಮ ಚಿವುಟಿ ಬಿಟ್ಟ.
ಅದು ಕೂಡಲೇ ಇಳಿಯಲಿಲ್ಲ,
ಇಸ್ತ್ರಿ ಕಾಣದ ಮಡಿಕೆಯ ಹಾಗೆ ನಿಂತಿತು.
"ರಕ್ತ ಬಿದ್ದೈತಾ?" ಇಲ್ಲ.
"ವಾಂತಿ?" ಒಂದು ಸಲ.
"ಹಾಲು ನಿಲ್ಲಿಸವ್ವ ಮೊದಲು.
ಉಪ್ಪು ಸಕ್ಕರೆ ನೀರು, ಅರ್ಧ ಗಂಟೆಗೊಂದ್ಸಲ, ಐದೇ ಎಂಎಲ್ಲು.
ತಡ್ಕಂಡ್ರೆ ರಾತ್ರಿಗೆ ಗಂಜಿ ತಿಳಿ.
ರಕ್ತ ಕಂಡ್ರೆ ಹೊತ್ತು ನೋಡಬ್ಯಾಡ, ಬಂದು ಕದ ಬಡಿ."
ಸೂಜಿ ಕಿತ್ತ ಸಿರಿಂಜು ಕೈಗಿಟ್ಟ.
ದುಡ್ಡು ತೆಗೆದರೆ ಒಳಗಿಂದ ಚೀಲವೊಂದನ್ನು ತಂದ,
ಜಿಪ್ಪು ಕೆಟ್ಟಿತ್ತು.

ಅರ್ಧ ಗಂಟೆಯೆಂದರೆ ಒಂದು ಸೀರೆಯ ಫಾಲು.
ಒಂದು ಫಾಲು ಹಚ್ಚು,
ದವಡೆಯ ಸಂದಿಯಲ್ಲಿ ಐದು ಎಂಎಲ್ಲು ಹನಿಸು.
ನುಂಗಿತೋ, ಇನ್ನೊಂದು ಸೀರೆ.
ಕಕ್ಕಿತೋ, ಇನ್ನೊಂದು ಚೂರು ಬಟ್ಟೆ.
ಪಕ್ಕದ ಚೌಡಕ್ಕ ಇಣುಕಿ ಕೇಳಿದಳು,
"ಹೆಸರಿಟ್ಟೇನು?"
ಇಲ್ಲ.
"ಇಡಬ್ಯಾಡ ಮತ್ತೆ. ನಾಳೆ ನೋಡಾಣ."

ನನ್ನದೂ ಹಾಗೇ.
ನನಗಿಂತ ಮುಂಚೆ ಮೂರು ಬಂದು
ಮೂರೂ ಹೋದವಂತೆ, ಹೊಟ್ಟೆ ಕೆಟ್ಟು.
ನಾಲ್ಕನೆಯದನ್ನು ಮೊರದಲ್ಲಿಟ್ಟು
ತಿಪ್ಪೆಯ ಮೇಲೆ ಮಲಗಿಸಿ
ಅವ್ವ ತಿರುಗಿ ನೋಡದೆ ನಡೆದಳಂತೆ.
ಸೋದರತ್ತೆ ಬಂದು
"ಅಯ್ಯ, ಯಾರದೋ ಕೂಸು" ಎಂದು ಎತ್ತಿ
ಹಿಡಿ ರಾಗಿಗೆ ಅವ್ವನಿಗೇ ಮಾರಿದಳಂತೆ.
ತಿಪ್ಪಮ್ಮಾ ಎಂದು ಕರೆದರೆ
ಸಾವು ಮೂಗು ಮುಚ್ಚಿಕೊಂಡು
ಮುಂದಿನ ಮನೆಗೆ ಹೋಗುತ್ತದಂತೆ.
ಶಾಲೆಯಲ್ಲಿ ಹಾಜರಿ ಕೂಗುವಾಗ
ಎಷ್ಟು ಬೈದುಕೊಂಡಿದ್ದೇನೆ ಆ ಅತ್ತೆಯನ್ನು.

ಹನ್ನೊಂದಕ್ಕೆ ಕರೆಂಟು ಹೋಯಿತು.
ಹಗಲೆಲ್ಲ ಕಾದ ಬಂಡೆಗಳು
ಇನ್ನೂ ಬೆಚ್ಚಗೆ ಉಸಿರು ಬಿಡುವ ಈ ಊರಲ್ಲಿ
ಅದರ ಪಾದ ಮಾತ್ರ ತಣ್ಣಗೆ.
ಮಡಿಲಿಗೆ ಹಾಕಿಕೊಂಡೆ.
ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು.
ಇದರ ಪಕ್ಕೆ ತನ್ನದೇ ಲೆಕ್ಕದಲ್ಲಿ
ಏರಿತು, ಇಳಿಯಿತು,
ಒಮ್ಮೆ ಏರಲು ಮರೆಯಿತು.
ಬೆರಳಿಂದ ತಿವಿದೆ.
ಏರಿತು.

ನಾಲ್ಕೂವರೆಗೆ ಎದ್ದು, ಬಾಗಿಲತನಕ ಓಲಾಡುತ್ತ ಹೋಗಿ
ಬಾಲ ಎತ್ತಿತು.
ಟಾರ್ಚು ಹಿಡಿದು ಕುಕ್ಕುರುಗಾಲಲ್ಲಿ ಕೂತು ನೋಡಿದೆ,
ಅಕ್ಕಸಾಲಿ ಒರೆಗಲ್ಲು ನೋಡುವಂತೆ.
ಸ್ವಲ್ಪವೇ. ಕಂದು. ರಕ್ತವಿಲ್ಲ.
ಆಕಾರ ಅಂತ ಒಂದಿದೆ.
ಯಾರನ್ನಾದರೂ ಎಬ್ಬಿಸಿ ಹೇಳಬೇಕೆನ್ನಿಸಿತು.
ಇಂಥದ್ದನ್ನು ಯಾರಿಗಂತ ಹೇಳುವುದು.

ಬೆಳಗ್ಗೆ ಗಂಜಿ ತಿಳಿ ನೆಕ್ಕಿ ಮುಗಿಸಿ
ಅಳತೆಯ ಟೇಪು ಎಳೆದುಕೊಂಡು
ಮೂವತ್ತೆರಡರ ಹತ್ತಿರ ಕಚ್ಚುತ್ತಿದ್ದಾಗ
ನಿಶ್ಚಿತಾರ್ಥದ ಹುಡುಗಿಯ ತಾಯಿ ಬಂದರು.
ಮೂಗಿಗೆ ಸೆರಗು.
ಜಾಕೀಟು ತಿರುವಿ ಮುರುವಿ ನೋಡಿ
ತಪ್ಪೇನೂ ಸಿಗದೆ ಕೇಳಿದರು,
"ಉಳೀತೇನಮ್ಮ, ಏನಾದ್ರೂ?"

ನಾನು ಮಿಶಿನ್ನಿನ ಕೆಳಗೆ ನೋಡುತ್ತಿದ್ದೆ.
"ಉಳೀತು ಕಣಮ್ಮ" ಅಂದುಬಿಟ್ಟೆ.

ಅವರು ಕೈಚಾಚಿ ನಿಂತೇ ಇದ್ದಾರೆ.