ಕಾಲು ಚಾಚುವ ಮೊದಲು

ಒಂಬತ್ತು ಅಚ್ಚಿನ ಕ್ರೇನು
ಎಂಗುರಿ ಕಣಿವೆಯ ತಿರುವುಗಳನ್ನು ಮೂರು ದಿನ ಹತ್ತಿತು.
ಮುಂದಿನ ಗಾಲಿ ಎಡಕ್ಕೆಂದರೆ ಹಿಂದಿನದು ಬಲಕ್ಕೆ,
ಕೆಲವು ಕಡೆ ಎಲ್ಲವೂ ಒಮ್ಮೆಗೇ ವಾಲಿ
ಏಡಿಯ ಹಾಗೆ ಅಡ್ಡಡ್ಡ ಸರಿದು.
ಹಿಂದೆ ಆರು ಲಾರಿ, ಅದರದೇ ತೂಕ ಹೊತ್ತು:
ಎತ್ತುವವನನ್ನು ನೆಲದಲ್ಲಿ ಹಿಡಿದಿಡಲು
ಬೇರೆ ಯಾರೋ ಭಾರ ತರಬೇಕು.

ಕ್ಯಾಬಿನ್ನಿನ ಎಚ್ಚರಿಕೆಯ ಚೀಟಿಗಳೆಲ್ಲ ಪೋಲಿಷ್ ಭಾಷೆಯವು,
ಯಾರೋ ಬಳಸಿ ಮಾರಿದ್ದು ಇದು.
ಮುರ್ಜಾಕನ್‌ಗೆ ಆ ಭಾಷೆಯ ಒಂದಕ್ಷರ ಬಾರದು. ಆದರೂ
ಕೆಂಪು ಗುಂಡಿಯ ಮೇಲಿನ ಪದವನ್ನು
ಹೆಂಡತಿಯ ತವರೂರಿನ ಹೆಸರಿನಷ್ಟು ಸಲೀಸಾಗಿ ಹೇಳುತ್ತಾನೆ.

ನಾನು ಕೆಳಗಿನವನು. ನನ್ನದು ಕೈಸನ್ನೆಯ ಕೆಲಸ.
ಹೆಬ್ಬೆರಳು ಮೇಲೆ: ತೋಳು ಏರಲಿ.
ಅಂಗೈ ಮುಂದೆ: ನಿಲ್ಲು.
ಹತ್ತೊಂಬತ್ತು ವರ್ಷ, ಜಗಳವಾಡಿದ ದಿನವೂ
ಕೈ ಅವನಿಗೆ ಸುಳ್ಳು ಹೇಳಿಲ್ಲ.

ಹಳೆಯ ಸೇತುವೆ ಹಿಂದಿನ ಬೇಸಿಗೆಯ ನೆರೆಗೆ ಹೋಗಿತ್ತು.
ದಡದಲ್ಲಿ ಹೊಸ ತೊಲೆ, ಅರವತ್ತೆರಡು ಟನ್ನು,
ಮೇಲೆ ಎರಡು ಆಡು ನಿಂತಿದ್ದವು.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಎನ್ನುವ ಮಾತು
ಕ್ರೇನಿಗೆ ತಿರುಗುಮುರುಗು:
ಕಾಲು ಚಾಚುವಷ್ಟೂ ಹಾಸಬೇಕು, ಮೊದಲು ಮರದ ದಿಮ್ಮಿ,
ಮೇಲೆ ಉಕ್ಕಿನ ಹಲಗೆ, ನಾಲ್ಕೂ ಮೂಲೆಗೆ.
ಮೂರು ಹಾಸಿದ್ದೆವು.

ಮಕ್ವಾಲಾ ಹಾಲಿನ ಬಕೆಟ್ಟು ಕೆಳಗಿಟ್ಟು ಬಂದಳು.
"ನಾಲ್ಕನೆಯದು ಅಲ್ಲಿ ಬೇಡ.
ಅದರಡಿ ಗಿರಣಿಯ ಕಾಲುವೆ ಇದೆ,
ನನ್ನ ಗಂಡನ ಅಜ್ಜ ತೋಡಿದ್ದು.
ನಾನು ಮದುವೆಯಾಗಿ ಬಂದ ವರ್ಷ ಮುಚ್ಚಿದರು."
ಎಂಜಿನಿಯರ್ ತೊರ್ನಿಕೆ ನಕಾಶೆ ಬಿಡಿಸಿ ತೋರಿಸಿದ,
ಮಣ್ಣಿನ ಪರೀಕ್ಷೆಯ ಕಾಗದ, ಮುದ್ರೆ, ಸಹಿ.
ಅವಳು ಕಾಗದವನ್ನಲ್ಲ, ಅವನ ಶೂಗಳನ್ನು ನೋಡಿದಳು.
"ಬಾರ್ಲಿ ಬೀಸಿದ್ದೀಯಾ ನೀನು?"

ಅಗೆದೆವು. ಕಲ್ಲು, ಕಲ್ಲು, ಒದ್ದೆ ಮಣ್ಣು,
ಎದೆಯಾಳದಲ್ಲಿ ಮತ್ತೆ ಕಲ್ಲು.
ಕಾಲುವೆ ಸಿಗಲಿಲ್ಲ.
ಮುರ್ಜಾಕನ್ ಇಳಿದು ಬಂದು ಮಣ್ಣು ಹಿಂಡಿದ.
ಮುಷ್ಟಿ ಬಿಚ್ಚಿದಾಗ ಬೆರಳ ಗುರುತು
ಮುದ್ದೆಯ ಮೇಲೆ ಹಾಗೇ ಉಳಿದಿತ್ತು.
ನನ್ನತ್ತ ನೋಡಿದ. ನಾನು ಯಾವ ಸನ್ನೆಯನ್ನೂ ಮಾಡಲಿಲ್ಲ.
ಮೇಲೆ ಹತ್ತಿದ, ಕಾಲುಗಳನ್ನು ಒಂದೊಂದಾಗಿ ಒಳಗೆಳೆದ.

ನಾಲ್ಕು ಮೀಟರು ಹಿಂದಕ್ಕೆ.
ದಿಮ್ಮಿ ಎತ್ತು, ದಿಮ್ಮಿ ಹಾಸು, ತೂಕ ಇಳಿಸು, ತೂಕ ಏರಿಸು,
ಅರ್ಧ ದಿನ, ಮತ್ತು ಅದರ ದಂಡ ಬೇರೆ:
ತೋಳು ದೂರ ಚಾಚಿದಷ್ಟೂ ಬಲ ಕುಗ್ಗುತ್ತದೆ,
ಕೋಷ್ಟಕದಲ್ಲಿ ಅಚ್ಚಾಗಿದೆ ಅದು.
ಮೊದಲಿನ ಜಾಗದಲ್ಲಿ ಹೊಟ್ಟೆತುಂಬ ಉಸಿರಿತ್ತು,
ಇಲ್ಲಿ ಎರಡೂವರೆ ಟನ್ನು ಮಾತ್ರ ಕೈಮಿಗಿಲು.
ಅಷ್ಟರಲ್ಲಿ ಗಾಳಿ ಎದ್ದಿತು,
ಎಂಟು, ಹತ್ತು, ಹನ್ನೊಂದು.
ಲಾರಿಯಡಿ ಮಲಗಿದೆವು.

ನಸುಕಿನಲ್ಲಿ ಗಾಳಿ ಬಿತ್ತು.
ತೊಲೆ ಒಂದು ಗೇಣು ಎದ್ದು ನಿಂತಿತು. ಎಲ್ಲರೂ ನಿಂತೆವು.
ತೊಂಬತ್ತಾರು ಶೇಕಡಾ, ಕ್ಯಾಬಿನ್ನಿನಲ್ಲಿ ಕಿರುಚುವ ಬೀಪು,
ಹಗ್ಗ ಹಿಡಿದ ಹುಡುಗರ ಅಂಗೈ ಕೆಂಪು,
ಕೆಳಗೆ ಹಿಮ ಕರಗಿದ ಬೂದು ನೀರು
ತನ್ನ ಪಾಡಿಗೆ ತಾನು.
ಹದಿನೇಳು ನಿಮಿಷ ನನ್ನ ಹೆಬ್ಬೆರಳು ನನ್ನದಾಗಿರಲಿಲ್ಲ.
ಆಚೆ ದಡದ ಕಂಬದ ಮೇಲೆ
ತೊಲೆ ಕೂತ ಸದ್ದು ಬಲು ಚಿಕ್ಕದು,
ಕದದ ಅಗುಳಿ ಬಿದ್ದ ಹಾಗೆ.

ವರದಿ ಬರೆಯುತ್ತಾ ತೊರ್ನಿಕೆ ಕೇಳಿದ,
"ಜಾಗ ಬದಲಿಸಿದ ಕಾರಣ?"
"ಆಕೆಯ ಹೆಸರು ಬರಿ," ಎಂದ ಮುರ್ಜಾಕನ್.
ಬರೆದನೋ ಇಲ್ಲವೋ.

ಇನ್ನೂ ಎರಡು ತೊಲೆ ಬಾಕಿ.
ಸಂಜೆ ಯಾರೂ ಇಲ್ಲದಾಗ
ನಾಲ್ಕನೆಯ ಕಾಲು ಊರಬೇಕಿದ್ದ ಜಾಗಕ್ಕೆ ಹೋಗಿ
ಎರಡು ಸಲ ಜೋರಾಗಿ ಕುಪ್ಪಳಿಸಿದೆ.
ಎಪ್ಪತ್ತೆಂಟು ಕಿಲೋ ನಾನು.
ನೆಲ ಏನೂ ಹೇಳಲಿಲ್ಲ.