ಕನ್ನಡಿಯೊಳಗಿನ ಗಂಟು

ಕೊವೆಂಟ್ರಿ. ರೈಲುಹಳಿಗೆ ಬೆನ್ನು ಕೊಟ್ಟ ಶೆಡ್ಡು.
ಏವ್ರಿಲ್ ಟ್ರಾಂಟರ್ ಕೆಟಲಿನಲ್ಲಿ ನೀರಿಟ್ಟಿದ್ದಾಳೆ,
ಚಹಾಕ್ಕಲ್ಲ,
ಹಳೆಯ ಕಾರೊಂದರ ಮುಖ ಕಳಚುವುದಕ್ಕೆ.

ಅರವತ್ತೆರಡರ ಗಾಡಿ. ಡ್ಯಾಶ್‌ಬೋರ್ಡಿನ ಮೆರುಗು
ಅಜ್ಜಿಯ ಪಿಂಗಾಣಿ ಬಸಿಯಂತೆ ಬಿರುಕು ಬಿರುಕು.
ಬಲಮೂಲೆಯಲ್ಲಿ ಯಾರದೋ ಸಿಗರೇಟು ಒರಗಿದ ಕಂದು ಕಲೆ.
ಹೊಸದರಂತೆ ಆಗಬೇಕು ಅಂದಿದ್ದಾನೆ ಗಾಡಿಯ ಧಣಿ,
ಹಲ್ಲಿನ ಡಾಕ್ಟರು ಗಾರ್ಸೈಡ್. ಹೊಸದಕ್ಕಿಂತ ಹೊಸದು.

ಒದ್ದೆ ಬಟ್ಟೆ, ಇಸ್ತ್ರಿಪೆಟ್ಟಿಗೆ, ಹಬೆ.
ಅಕ್ರೋಟಿನ ಪದರ ಕೆನೆಯಂತೆ ಏಳುತ್ತ ಬಂದು
ಗಡಿಯಾರ ಕೂರುವ ತೂತಿನ ಅಂಚಲ್ಲಿ
ಚಾಕು ನಿಂತಿತು.

ಅಲ್ಲೊಂದು ತೇಪೆ. ಬಿದಿಗೆಯ ಚಂದ್ರ, ಉಗುರಿನಷ್ಟು.
ಅಂದು ಯಾರದೋ ಕೈ ಎರಡು ಕೂದಲೆಳೆ ಅತ್ತ ಜಾರಿತ್ತು.
ಆಮೇಲೆ ಗೆರೆಗೆ ಗೆರೆ ಹುಡುಕಿ, ಬಣ್ಣಕ್ಕೆ ಬಣ್ಣ ಕೂಡಿಸಿ
ತಪ್ಪನ್ನು ಮರದ ಮರೆಗೆ ಸರಿಸಿದ್ದರು.
ಅರವತ್ತು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲ.
ಹಲಗೆಯ ಬೆನ್ನಲ್ಲಿ ಪೆನ್ಸಿಲು:
ಶುಕ್ರವಾರ. ಇವತ್ತಿನ ಕೊನೆಯದು. ಐ. ಬಿ.

ಐವರ್? ಐರಿಸ್? ಐಡಾ?
ಕಾರ್ಖಾನೆ ಇದ್ದಲ್ಲಿ ಈಗ ಸೋಫಾ ಮಾರುತ್ತಾರೆ.
ಕೇಳೋಣವೆಂದರೆ ಸೋಫಾಗಳಿಗೇನು ಗೊತ್ತು.

ಹೊಸ ಹಾಳೆಗಳು, ಒಂದೇ ಗಂಟಿನಿಂದ
ಒಂದರ ಬೆನ್ನಿಗೊಂದು ಸೀಳಿದವು,
ಹಪ್ಪಳದಂತೆ ಸೊಟ್ಟಗೆ ಒಣಗಿ, ಮುಟ್ಟಿದರೆ ಮುರಿಯುವಂಥವು.
ನೀರು ಚಿಮುಕಿಸಿ ಹಲಗೆಗಳ ನಡುವೆ ಒಂದು ರಾತ್ರಿ ಒತ್ತಿಟ್ಟಳು.
ಬೆಳಗ್ಗೆ ಅವುಗಳ ಸಿಟ್ಟು ಇಳಿದಿತ್ತು.
ಪುಸ್ತಕದಂತೆ ಬಿಡಿಸಿ ಪಕ್ಕಪಕ್ಕ ಇಟ್ಟರೆ
ಎಡದ ಸುಳಿಗೆ ಬಲದ ಸುಳಿ, ಎಡಗಣ್ಣಿಗೆ ಬಲಗಣ್ಣು,
ಗೂಬೆಯೊಂದು ನೆಟ್ಟಗೆ ನೋಡಿತು.
ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಅನ್ನುತ್ತೇವಲ್ಲ ನಾವು,
ಅವಳ ಅಂಗೈಯಡಿ ಇದೆ ಅದು,
ಸ್ವಲ್ಪ ತೇವವಾಗಿ.

ಅಂಟಿನ ಪಾಕ ಬೆರಳುಗಳ ನಡುವೆ ಒಂದೆಳೆ ಬರಬೇಕು.
ಬಂತು. ನಾತಕ್ಕೆ ಪಕ್ಕದ ಮನೆಯ ನಾಯಿಯೂ ಬಂತು.
ಸುತ್ತಿಗೆ ಇಲ್ಲಿ ಬಡಿಯುವುದಕ್ಕಲ್ಲ, ಒತ್ತಿ ನೂಕುವುದಕ್ಕೆ,
ನಡುವಿನಿಂದ ಅಂಚಿಗೆ, ಗಾಳಿಯನ್ನು ಹೊರಗಟ್ಟುತ್ತ.
ಉಗುರಿನಿಂದ ತಟ್ಟಿ ಕಿವಿಗೊಡುತ್ತಾಳೆ.
ಪೊಳ್ಳು ಸದ್ದು ಬಂದಲ್ಲಿ ಮತ್ತೆ ಇಸ್ತ್ರಿ, ಮತ್ತೆ ಒತ್ತು.

ಹನ್ನೊಂದು ಕೋಟು ಮೆರುಗು. ನಡುನಡುವೆ ಉಜ್ಜು, ಕಾಯಿ, ಉಜ್ಜು.
ತೂತು ಈ ಸಲ ಸರಿಯಾಗಿಯೇ ಬಿತ್ತು.
ಅದಕ್ಕೇ ಏನೋ, ಸಂಜೆಯವರೆಗೂ ಅವಳಿಗೆ ಕಸಿವಿಸಿ.
ಒಣಗಿಟ್ಟಿದ್ದ ಬಿದಿಗೆ ಚಂದ್ರನನ್ನು ಎತ್ತಿ
ಹಲಗೆಯ ಬೆನ್ನಿಗೆ, ಪೆನ್ಸಿಲಿನ ಪಕ್ಕಕ್ಕೆ, ಅಂಟಿಸಿದಳು.
ಕೆಳಗೆ ಬರೆದಳು: ಮಂಗಳವಾರ. ಎ. ಟಿ.

ಗಾರ್ಸೈಡ್ ಬಂದ. ಹೊಳಪಿನಲ್ಲಿ ಹಲ್ಲು ನೋಡಿಕೊಂಡ.
ಹೆಬ್ಬೆರಳು ಓಡಿಸಿದ. ಒಂದು ತಪ್ಪೂ ಇಲ್ಲ, ಅಂದ.
ಏವ್ರಿಲ್ ಕೊನೆಯ ಸ್ಕ್ರೂ ಬಿಗಿಮಾಡಿದಳು.
ಗಡಿಯಾರ ಮಾತ್ರ ನಾಲ್ಕೂವರೆಗೇ ನಿಂತಿದೆ.
ಅದು ಬೇರೆಯವರ ಕೆಲಸ.