ಬುಡ ಕೆಳಗೆ

ಬ್ಲೋರಾದಿಂದಾಚೆ, ರೈಲು ಹಳಿ ದಾಟಿ
ಮೂರನೇ ತಿರುವಿನಲ್ಲಿ ಪೈಂತೆನ್ ಅಜ್ಜಿಯ ಮನೆ.
ಒಂದೂ ಮೊಳೆಯಿಲ್ಲ.
ನಾನೂ ತುಕಿಜೊನೂ ಬೆಳಗಿನಿಂದ ಹಂಚು ಇಳಿಸಿ
ಸಂಜೆಗೆ ಮರದ ಕೊಡತಿ ಹಿಡಿದು ತೊಲೆ ತಟ್ಟಿದೆವು.
ಅಜ್ಜಿಯ ಅಜ್ಜ ಬಡಿದ ಗೂಟ
ಸಡಿಲಾದ ಹಲ್ಲಿನ ಹಾಗೆ ಒಮ್ಮೆ ಅಲುಗಿ
ಕೈಗೆ ಬಂತು.

ಒಳಗೆ ಇನ್ನೂ ಹೊಸ ಬೆಲ್ಲದ ಬಣ್ಣ.
ಮೂಸಿದರೆ ತೊಗಲು, ಎಣ್ಣೆ, ಚೂರು ಮೆಣಸು.
ಕೊಳ್ಳಲು ಬಂದ ಲೀಸ್ಬೆತ್, ಬಾಲಿಯಲ್ಲಿ ಹೋಟೆಲಿನವಳು,
ಕಂಬಕ್ಕೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು.
ತುಕಿಜೊ ನಕ್ಕ. ನಾನು ನಗಲಿಲ್ಲ.
ಮದುವೆಗೆ ಮುಂಚೆ ನಾನೂ ಒಂದು ತೇಗದ ಹಲಗೆಗೆ
ಹಾಗೇ ಮಾಡಿದ್ದೆ, ಯಾರೂ ಇಲ್ಲದಾಗ.

ನಾಲ್ಕು ನಡುಗಂಬ. ಈಶಾನ್ಯದ್ದರಲ್ಲಿ,
ಕೂತವರ ಭುಜದೆತ್ತರಕ್ಕೆ, ಬಿಳಿ ಗೀರುಗಳು:
ಎಲೆಗೆ ಸವರಿ ಬೆರಳಲ್ಲುಳಿದ ಸುಣ್ಣವನ್ನು
ಮೂರು ತಲೆಮಾರಿನ ಹೆಂಗಸರು ಒರೆಸಿದ ಜಾಗ.
"ಕೆರೆದು ತೆಗೆಯಲಾ?" ಎಂದೆ.
"ಮುಟ್ಟಬೇಡಿ. ದುಡ್ಡು ಕೊಟ್ಟಿದ್ದೇ ಅದಕ್ಕೆ."
ಅಜ್ಜಿ ಬಿದ್ದು ಬಿದ್ದು ನಕ್ಕಳು:
"ಮೊದಲೇ ಹೇಳಿದ್ದರೆ
ಉಳಿದ ಮೂರಕ್ಕೂ ಬಳಿದಿಡುತ್ತಿದ್ದೆ!"

ಅಳುತ್ತಾಳೆಂದುಕೊಂಡಿದ್ದೆ. ಇಲ್ಲ.
ಹಿತ್ತಲಲ್ಲಿ ಆಗಲೇ ಎದ್ದಿದೆ ಇಟ್ಟಿಗೆ ಮನೆ, ಗುಲಾಬಿ ಟೈಲ್ಸು.
"ಹಾವಿನ ಕಾಟವಿಲ್ಲ, ಸೋರುವಲ್ಲಿ ಪಾತ್ರೆ ಇಡಬೇಕಿಲ್ಲ,
ಕಕ್ಕಸು ಒಳಗೇ."
ಬಾಗಿಲು ತೆಗೆದು ತೋರಿಸಿದಳು,
ಮದುಮಗಳ ಕೋಣೆ ತೋರಿಸುವ ಹಾಗೆ.

ತುಂಡು ತುಂಡಿಗೂ ಬಿಳಿ ಬಣ್ಣದಲ್ಲಿ ಬರೆದೆ:
ಪೂರ್ವ ಒಂದು, ಪೂರ್ವ ಎರಡು, ಪಡುವಲ ತೊಲೆ,
ಎಲ್ಲಕ್ಕೂ ಮುಖ್ಯ, ಬುಡ ಯಾವುದು, ತುದಿ ಯಾವುದು.
ಅಪ್ಪ ಕಲಿಸಿದ್ದು ಇಷ್ಟೇ:
ಕಾಡಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಲಿ.
ತಲೆಕೆಳಗಾದ ಕಂಬದಡಿ ಯಾರಿಗೂ ನಿದ್ದೆ ಹತ್ತುವುದಿಲ್ಲ.

ಎರಡು ಲಾರಿ, ಒಂದು ಫೆರಿ.
ಅಕ್ಕಿಗದ್ದೆಯ ಅಂಚಿನಲ್ಲಿ ಮತ್ತೆ ಜೋಡಿಸಿದೆವು.
ಲೀಸ್ಬೆತ್‌ಗೆ ಸುಣ್ಣದ ಕಂಬ ಬಾಗಿಲಿಗೆ ಎದುರಾಗಬೇಕು,
ತಿಂಡಿಗೆ ಬಂದವರ ಕಣ್ಣಿಗೆ ಬೀಳಬೇಕು.
ಹಾಗಾಗಿ ಈಶಾನ್ಯ ಈಗ ನೈರುತ್ಯದಲ್ಲಿದೆ.
ಒಂದು ಗಳಿಗೆ ಹಗ್ಗ ಹಿಡಿದು ಸುಮ್ಮನೆ ನಿಂತೆ.
ಆಮೇಲೆ ಅಂದೆ: ದಿಕ್ಕು ನಿಮ್ಮಿಷ್ಟ,
ಬುಡ ಮಾತ್ರ ಕೆಳಗೆ.

ಕೊನೆಯ ಗೂಟ ಕೂತಾಗ ಮನೆ ಒಮ್ಮೆ ಕಿರುಗುಟ್ಟಿತು,
ಹೊಸ ಹಾಸಿಗೆಯಲ್ಲಿ ಮಗ್ಗುಲಾದ ಹಾಗೆ.
ಎಲ್ಲರೂ ಊಟಕ್ಕೆ ಹೋದರು.
ಅಳಿಸಿದ್ದ ಕೊನೆಯ ಅಂಕಿಯ ಬಣ್ಣ
ನನ್ನ ತೋರುಬೆರಳಲ್ಲಿ ಇನ್ನೂ ಹಸಿ.
ತುಕಿಜೊ ಆಚೆ ತಿರುಗಿ
ಲವಂಗದ ಸಿಗರೇಟು ಹೊತ್ತಿಸುತ್ತಿದ್ದ.
ಕಂಬದ ಬುಡದಲ್ಲಿ ಕೂತೆ,
ಭುಜದೆತ್ತರಕ್ಕೆ ಕೈ ಚಾಚಿದೆ.